ಔಷಧದ ಖರ್ಚು, ದಿನನಿತ್ಯದ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧದಂಗಡಿಯ ಕೌಂಟರಿನ ಹಿಂದೆ ನಿಂತು ಕೆಲಸ ಮಾಡಿದ ವರ್ಷಗಳಲ್ಲಿ, ಮಾತಿನ ನಡುವೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಬಿಲ್ಲು ಏರುವುದಕ್ಕೆ ಔಷಧದ ಬೆಲೆಯೇ ಕಾರಣ ಎಂದು ಎಲ್ಲರೂ ಭಾವಿಸುತ್ತಾರೆ. ನಾನು ಕಂಡಂತೆ ಅದಕ್ಕಿಂತ ಹೆಚ್ಚಿನ ಹಣ ಪೋಲಾಗುವುದು ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಹೆಸರನ್ನು ಓದದೇ ಇರುವುದರಿಂದ. ಉತ್ತರಗಳು ತಿಳಿವಳಿಕೆಗೆ ಮಾತ್ರ. ಗರ್ಭಿಣಿಯರು, ಎಳೆಯ ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು.

## ಹೆಸರು ಮತ್ತು ಬೆಲೆ

ಜೆನೆರಿಕ್ ಅಂದ್ರೆ ಕಡಿಮೆ ಗುಣಮಟ್ಟದ ಔಷಧಿ ಅಲ್ವಾ?

ಅಲ್ಲ. ಹೊಸ ಔಷಧವೊಂದನ್ನು ಕಂಡುಹಿಡಿದ ಕಂಪನಿಗೆ ಪೇಟೆಂಟ್ ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ 20 ವರ್ಷಗಳ ರಕ್ಷಣೆ ಸಿಗುತ್ತದೆ. ಆ ಅವಧಿ ಮುಗಿದ ಮೇಲೆ ಅದೇ ಔಷಧವನ್ನು ಬೇರೆಯವರೂ ತಯಾರಿಸಬಹುದು, ಹಾಗೆ ತಯಾರಾದದ್ದೇ ಜೆನೆರಿಕ್. ಸಾವಿರಾರು ರೋಗಿಗಳ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗಗಳನ್ನು ಅವರು ಮತ್ತೆ ಮಾಡಬೇಕಾಗಿಲ್ಲ. ತಮ್ಮ ಮಾತ್ರೆಯಿಂದ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಮತ್ತು ವೇಗ ಮೂಲ ಮಾತ್ರೆಯದಕ್ಕೆ ಸಮನಾಗಿದೆ ಎಂದು ತೋರಿಸಿದರೆ ಸಾಕು. ಬೆಲೆ ಇಳಿಯುವುದು ಈ ಉಳಿತಾಯದಿಂದ ಮತ್ತು ಪೈಪೋಟಿಯಿಂದ. ಬಣ್ಣ, ಆಕಾರ, ರುಚಿ, ಮಾತ್ರೆಯನ್ನು ಹಿಡಿದಿಡುವ ಪುಡಿ ಬೇರೆಯಿರಬಹುದು, ಕೆಲಸ ಮಾಡುವ ವಸ್ತು ಒಂದೇ. ಗುಣಮಟ್ಟದ ಪ್ರಶ್ನೆ ಇರುವುದು ತಯಾರಕರ ಮೇಲೆ ಎಷ್ಟು ನಿಗಾ ಇದೆ ಎಂಬುದರಲ್ಲಿ, ಮತ್ತು ಆ ಪ್ರಶ್ನೆ ದುಬಾರಿ ಬ್ರ್ಯಾಂಡಿಗೂ ಅನ್ವಯಿಸುತ್ತದೆ.

ಚೀಟಿಯಲ್ಲಿ ಬರೆದಿರೋ ಹೆಸರು ಬಿಟ್ಟು ಬೇರೆ ಹೆಸರಿನದ್ದು ಕೊಟ್ಟರು, ತಗೋಬಹುದಾ?

ಮೂರು ವಿಷಯ ತಾಳೆಯಾಗಬೇಕು: ಔಷಧದ ಮೂಲ ಹೆಸರು, ಮಿಲಿಗ್ರಾಂ ಲೆಕ್ಕ, ಮಾತ್ರೆಯ ಬಗೆ. ಮೂರನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂಬ ಅಕ್ಷರಗಳಿದ್ದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಕರಗುವ ಮಾತ್ರೆ. ಅದರ ಜಾಗದಲ್ಲಿ ತಕ್ಷಣ ಕರಗುವುದನ್ನು ನುಂಗಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಮೂಲ ಹೆಸರುಗಳು ಮನಬಂದಂತೆ ಇಟ್ಟವಲ್ಲ. 1953ರಿಂದ ವಿಶ್ವ ಆರೋಗ್ಯ ಸಂಸ್ಥೆ ಅವುಗಳ ಪಟ್ಟಿಯನ್ನು ಪ್ರಕಟಿಸುತ್ತಿದೆ, ಮತ್ತು ಒಂದೇ ಬಗೆಯ ಔಷಧಗಳ ಹೆಸರಿಗೆ ಒಂದೇ ಬಾಲ ಇರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಒಂದು ಕುಟುಂಬ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಇನ್ನೊಂದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮತ್ತೊಂದು. ಈ ಬಾಲಗಳ ಪರಿಚಯವಾದರೆ, ಇಬ್ಬರು ವೈದ್ಯರು ತಮಗೆ ಗೊತ್ತಿಲ್ಲದೆ ಒಂದೇ ಕುಟುಂಬದ ಎರಡು ಮಾತ್ರೆ ಬರೆದಾಗ ಅದನ್ನು ಮೊದಲು ಗಮನಿಸುವವರು ನೀವೇ ಆಗಿರುತ್ತೀರಿ.

ಅಗ್ಗದ್ದು ತಗೊಂಡರೆ ನನಗೆ ನೋವು ಹೋಗೋದೇ ಇಲ್ಲ. ಇದು ಬರೀ ಭ್ರಮೆನಾ?

ನೋವು ನಿಜ, ವ್ಯತ್ಯಾಸವೂ ನಿಮ್ಮ ಅನುಭವಕ್ಕೆ ನಿಜ. ಆದರೆ ಅದರ ಮೂಲ ಮಾತ್ರೆಯಲ್ಲಿ ಇಲ್ಲದೇ ಇರಬಹುದು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 82 ಜನರಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟು, ಅರ್ಧದಷ್ಟು ಜನರಿಗೆ ಅದು ದುಬಾರಿ ಎಂದೂ ಉಳಿದವರಿಗೆ ಅದರ ಬೆಲೆ ಇಳಿಸಲಾಗಿದೆ ಎಂದೂ ತಿಳಿಸಲಾಗಿತ್ತು. ದುಬಾರಿ ಎಂದು ನಂಬಿದವರಲ್ಲಿ ಶೇಕಡ 85ರಷ್ಟು ಮಂದಿ, ಅಗ್ಗ ಎಂದು ನಂಬಿದವರಲ್ಲಿ ಶೇಕಡ 61ರಷ್ಟು ಮಂದಿ ನೋವು ಕಡಿಮೆಯಾಯಿತು ಎಂದರು. ಎರಡೂ ಗುಂಪಿನವರು ನುಂಗಿದ್ದು ಒಂದೇ ಮಾತ್ರೆ.

ತಲೆನೋವಿಗೊಂದು, ಬೆನ್ನುನೋವಿಗೊಂದು, ಮುಟ್ಟಿನ ನೋವಿಗೊಂದು ಅಂತ ಬೇರೆ ಬೇರೆ ಇಡಬೇಕಾ?

ಬೇಡ. ನುಂಗಿದ ಮಾತ್ರೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ. ಬೆನ್ನಿನ ವಿಳಾಸ ಅದಕ್ಕೆ ಗೊತ್ತಿರುವುದಿಲ್ಲ. ಹೆಸರಾಂತ ಐಬುಪ್ರೊಫೆನ್ ಬ್ರ್ಯಾಂಡೊಂದು ಹೀಗೆ ನೋವಿಗೊಂದು ಡಬ್ಬಿ ಮಾಡಿ, ಸಾಮಾನ್ಯ ಡಬ್ಬಿಗಿಂತ ಹೆಚ್ಚಿನ ಬೆಲೆಗೆ ಮಾರುತ್ತಿತ್ತು. ಎಲ್ಲದರಲ್ಲೂ ಇದ್ದದ್ದು ಒಂದೇ ವಸ್ತು, ಒಂದೇ ಪ್ರಮಾಣ. ಇದು ಗ್ರಾಹಕರನ್ನು ದಾರಿತಪ್ಪಿಸುವಂಥದ್ದು ಎಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು.

## ನೆಗಡಿ, ಜ್ವರ, ಹೊಟ್ಟೆ

ನೆಗಡಿ ಬೇಗ ಹೋಗೋ ಮಾತ್ರೆ ಯಾವುದಿದೆ?

ನೆಗಡಿಯ ಅವಧಿಯನ್ನು ಖಚಿತವಾಗಿ ಮೊಟಕುಗೊಳಿಸುವ ಮಾತ್ರೆ ಇಲ್ಲ. ಅದು ವೈರಸ್ಸಿನ ಕೆಲಸ, ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಹೋಗುತ್ತದೆ. ನೆಗಡಿಯ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್, ಬಾಯಿಯ ಮೂಲಕ ತೆಗೆದುಕೊಂಡಾಗ ಪರಿಣಾಮಕಾರಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಮೂಗಿಗೆ ಬಿಡುವ ಆಕ್ಸಿಮೆಟಜೋಲಿನ್, ಕ್ಸೈಲೊಮೆಟಜೋಲಿನ್ ಹನಿಗಳು ಕೆಲಸ ಮಾಡುತ್ತವೆ, ಆದರೆ ಮೂರರಿಂದ ಐದು ದಿನ ಮೀರಿ ಬಳಸಿದರೆ ಹನಿ ಇಲ್ಲದೆ ಮೂಗು ಬಿಡದ ಸ್ಥಿತಿ ಬರುತ್ತದೆ. ಬರೀ ಉಪ್ಪುನೀರಿನ ಹನಿಗೆ ಆ ತೊಂದರೆ ಇಲ್ಲ.

ಕೆಮ್ಮು ಶುರುವಾಗಿ ಎರಡು ವಾರ ಆಯ್ತು, ಆಂಟಿಬಯೋಟಿಕ್ ಬೇಕೇ ಬೇಕಲ್ವಾ?

ಬಹಳಷ್ಟು ಸಲ ಬೇಕಾಗುವುದಿಲ್ಲ. ಸಾಮಾನ್ಯ ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಎಂದು ಜನ ಎಣಿಸುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಲೆಕ್ಕದಲ್ಲಿ ಅದರ ಸರಾಸರಿ ಅವಧಿ ಸುಮಾರು 18 ದಿನ ಎಂದು ಕಂಡುಬಂತು. ಎಂಟನೆಯ ದಿನ ಆಂಟಿಬಯೋಟಿಕ್ ಆರಂಭಿಸಿದವರಿಗೆ, ಹೇಗೂ ಹೋಗಲಿದ್ದ ಕೆಮ್ಮು ಮಾತ್ರೆಯಿಂದಲೇ ಹೋಯಿತು ಎನ್ನಿಸುತ್ತದೆ. ಮುಂದಿನ ಸಲ ಅವರು ಮೂರನೆಯ ದಿನವೇ ಅದನ್ನು ಕೇಳುತ್ತಾರೆ. ಆದರೆ ಉಸಿರಾಟ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಮರುಕಳಿಸಿದರೆ, ತೂಕ ಇಳಿದರೆ, ಕೆಮ್ಮು ಮೂರು ವಾರ ದಾಟಿದರೆ ಪರೀಕ್ಷೆ ಮಾಡಿಸಲೇಬೇಕು. ಒಂದು ವರ್ಷ ತುಂಬಿದ ಮಕ್ಕಳ ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನುತುಪ್ಪ ಕೊಡಬಹುದು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯಕಾರಿ.

ಹೋದ ಸಲದ ಆಂಟಿಬಯೋಟಿಕ್ ನಾಲ್ಕು ಉಳಿದಿದೆ, ಈಗ ಅದನ್ನೇ ತಗೊಂಡರೆ ದುಡ್ಡು ಉಳಿಯುತ್ತಲ್ಲ?

ಉಳಿಯುವುದಿಲ್ಲ. ಈಗಿನ ಕಾಯಿಲೆ ಅದೇ ಬ್ಯಾಕ್ಟೀರಿಯಾದ್ದು ಎಂಬುದಕ್ಕೆ ಆಧಾರವಿಲ್ಲ, ನಾಲ್ಕು ಮಾತ್ರೆ ಯಾವ ಸೋಂಕಿಗೂ ಲೆಕ್ಕದ ಪ್ರಮಾಣವಲ್ಲ. ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನಿಗೆ ಬಗ್ಗದಂತೆ ಆಗುತ್ತವೆ ಎಂದು ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು.

ಪ್ಯಾರಾಸಿಟಮಾಲ್ ದಿನಕ್ಕೆ ಎಷ್ಟು ತಗೋಬಹುದು?

ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಮೀರಬಾರದು, ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕು. ಮೈತೂಕ 50 ಕಿಲೊಗಿಂತ ಕಡಿಮೆ ಇರುವವರಿಗೆ, ದಿನಾ ಮದ್ಯ ಕುಡಿಯುವವರಿಗೆ, ಯಕೃತ್ತಿನ ತೊಂದರೆಯವರಿಗೆ ಮಿತಿ ಇನ್ನೂ ಕಡಿಮೆ. ಮಕ್ಕಳಿಗೆ ತೂಕದ ಲೆಕ್ಕ.

ಅಂಕಿ ಎಲ್ಲರಿಗೂ ಗೊತ್ತು, ತಪ್ಪುವುದು ಎಣಿಕೆಯಲ್ಲಿ. ಒಮ್ಮೆ ಹಿರಿಯರೊಬ್ಬರು ಹೊಟ್ಟೆ ತೊಳೆಸುತ್ತಿದೆ ಎಂದು ಹೇಳುತ್ತಾ ಕೈಚೀಲವನ್ನು ಕೌಂಟರಿನ ಮೇಲೆ ಸುರಿದರು. ಜ್ವರಕ್ಕೆಂದು ಒಂದು ಸ್ಟ್ರಿಪ್, ನೆಗಡಿಗೆಂದು ಇನ್ನೊಂದು, ಮೈಕೈ ನೋವಿಗೆಂದು ಮಗದೊಂದು. ಮೂರನ್ನೂ ದಿನಕ್ಕೆ ಮೂರು ಸಲ ನುಂಗುತ್ತಿದ್ದರು. ಸ್ಟ್ರಿಪ್ಪುಗಳನ್ನು ತಿರುಗಿಸಿಟ್ಟು ಹಿಂಬದಿಯ ಸಣ್ಣಕ್ಷರಗಳನ್ನು ಒಟ್ಟಿಗೆ ಓದಿದೆವು. ಮೊದಲನೆಯದರಲ್ಲಿ 650 ಮಿ.ಗ್ರಾಂ ಪ್ಯಾರಾಸಿಟಮಾಲ್, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಬೇರೊಂದು ನೋವುನಿವಾರಕದ ಜೊತೆ 325. ದಿನಕ್ಕೆ 4,425 ಮಿ.ಗ್ರಾಂ. ಮೂರು ಬಣ್ಣ, ಮೂರು ಬೆಲೆ, ಒಂದೇ ಔಷಧ. ಅವರನ್ನು ಅಂಗಡಿಯಿಂದಲೇ ಆಸ್ಪತ್ರೆಗೆ ಕಳುಹಿಸಿದೆವು. ಪ್ಯಾರಾಸಿಟಮಾಲ್ ಅತಿಯಾದರೆ ಮೊದಲ ದಿನ ಹೆಚ್ಚೇನೂ ಗೊತ್ತಾಗುವುದಿಲ್ಲ, ಯಕೃತ್ತಿನ ಹಾನಿ ಬೆಳಕಿಗೆ ಬರುವುದು ಒಂದೆರಡು ದಿನಗಳ ಮೇಲೆ. ಅದಕ್ಕೆ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಭೇದಿಗೆ ಡ್ರಿಪ್ ಹಾಕಿಸಿಕೊಂಡರೆ ಬೇಗ ಹುಷಾರಾಗಲ್ವಾ?

ಕುಡಿಯಲು ಸಾಧ್ಯವಿರುವವರಿಗೆ ಒಆರ್‌ಎಸ್ ಸಾಕು. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುವ ದಾರಿಯೊಂದಿದೆ. ಭೇದಿಯ ನಡುವೆಯೂ ಅದು ತೆರೆದೇ ಇರುತ್ತದೆ, ಅವೆರಡರ ಬೆನ್ನಿಗೆ ನೀರೂ ಒಳಸೇರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಡ್ರಮ್ಮುಗಳಲ್ಲಿ ಈ ದ್ರಾವಣ ಕಲಸಿ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು.

ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರ ನಿಂತುಹೋಗುವುದು, ಮಂಪರು, ಇವು ಕಂಡರೆ ಮನೆಯಲ್ಲಿ ಕಾಯಬಾರದು.

## ಮನೆಯಲ್ಲಿರುವ ಔಷಧ

ಎಕ್ಸ್‌ಪೈರಿ ಆದ ಮಾತ್ರೆ ವಿಷ ಆಗುತ್ತಾ?

ಆ ದಿನಾಂಕದ ಅರ್ಥ, ಅಲ್ಲಿಯವರೆಗೆ ಔಷಧದ ಪೂರ್ಣ ಶಕ್ತಿಗೆ ತಯಾರಕರು ಹೊಣೆ ಎಂಬುದಷ್ಟೆ. ಅಮೆರಿಕದ ಸೇನೆಯ ದಾಸ್ತಾನಿನಲ್ಲಿದ್ದ 122 ಔಷಧಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡ 88ರಷ್ಟು ಲಾಟುಗಳು (ಒಂದೇ ಸಲಕ್ಕೆ ತಯಾರಾದ ಕಂತುಗಳು) ದಿನಾಂಕ ದಾಟಿ ಕನಿಷ್ಠ ಒಂದು ವರ್ಷ ಗುಣ ಉಳಿಸಿಕೊಂಡಿದ್ದವು. ಆದರೆ ಅವು ಮೊಹರು ಒಡೆಯದ, ಹದವಾದ ತಾಪಮಾನದಲ್ಲಿಟ್ಟ ಡಬ್ಬಿಗಳು. ಸ್ನಾನದ ಮನೆಯ ಕಪಾಟಿನಲ್ಲಿ ತೇವ ಕುಡಿದ ಸ್ಟ್ರಿಪ್ಪಿಗೆ ಆ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ಈ ಮಾಹಿತಿಯನ್ನು ಹಳೆಯ ಔಷಧ ತಿನ್ನಲು ಪರವಾನಗಿ ಎಂದುಕೊಳ್ಳದೆ, ತಪ್ಪಿ ನುಂಗಿದವರು ಗಾಬರಿಯಾಗದಿರಲು ಬಳಸಿಕೊಳ್ಳುವುದು ಒಳ್ಳೆಯದು. ಇನ್ಸುಲಿನ್, ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್, ಕಣ್ಣಿನ ಹನಿ, ನೀರು ಬೆರೆಸಿದ ಆಂಟಿಬಯೋಟಿಕ್ ಸಿರಪ್, ಇವುಗಳ ವಿಷಯದಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ.

ನಿಜವಾದ ಉಳಿತಾಯ ಬೇಕಿದ್ದರೆ ಕೊಳ್ಳುವಾಗಲೇ ಕಡಿಮೆ ಕೊಳ್ಳಬೇಕು. ನೂರು ಮಾತ್ರೆಯ ಡಬ್ಬಿ ಅಗ್ಗವೆಂದು ತಂದು ಎಂಬತ್ತನ್ನು ಎಸೆದರೆ ಅದು ಅಗ್ಗವಲ್ಲ.

ಎಲ್ಲಾ ಔಷಧಿನೂ ಫ್ರಿಜ್‌ನಲ್ಲಿಟ್ಟರೆ ಹೆಚ್ಚು ದಿನ ಬರುತ್ತಾ?

ಹೆಚ್ಚಿನ ಮಾತ್ರೆಗಳಿಗೆ ಒಣಗಿದ, ತಂಪಾದ, ಬೆಳಕು ಬೀಳದ ಜಾಗ ಸಾಕು. ಫ್ರಿಜ್ಜಿನ ತೇವ ಅವಕ್ಕೆ ಕೆಡುಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಕಣ್ಣಿನ ಹನಿಯ ಬಾಟಲಿಗೆ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡಿ; ಹೆಚ್ಚಿನವುಗಳ ಆಯುಸ್ಸು ಅಲ್ಲಿಂದ 28 ದಿನ.

ಸಿರಪ್ಪನ್ನ ಮನೆ ಚಮಚದಲ್ಲೇ ಕೊಟ್ಟರೆ ಸಾಕಲ್ವಾ?

ಸಾಲದು. ಮನೆಯ ಚಮಚಗಳ ಅಳತೆ ಒಂದೊಂದು ಒಂದೊಂದು ಬಗೆ. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜು ಬಳಸಬೇಕು.

## ದಿನದ ಅಭ್ಯಾಸಗಳು

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಲೇಬೇಕಾ?

ಆ ಸಂಖ್ಯೆ ಹುಟ್ಟಿದ್ದು ವೈದ್ಯಶಾಸ್ತ್ರದಲ್ಲಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ. ವಯಸ್ಸಾದ ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನವೊಂದರಲ್ಲಿ ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು, ಮತ್ತು 7,500ರ ಸುಮಾರಿಗೆ ಆ ಲಾಭ ಸಮತಟ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ಶ್ರಮದ ಅಳತೆ ಅಷ್ಟೇ.

ದಿನಾ ವಿಟಮಿನ್ ಮಾತ್ರೆ ತಗೊಂಡರೆ ಕಾಯಿಲೆ ಬರಲ್ವಂತೆ, ನಿಜಾನಾ?

ಕೊರತೆ ಇಲ್ಲದವರಿಗೆ ಅದು ನನ್ನ ಅಂದಾಜಿನಲ್ಲಿ ಅಂಗಡಿಯ ಅತ್ಯಂತ ವ್ಯರ್ಥ ಖರ್ಚು. ಬೇಕಾದವರು ಇದ್ದಾರೆ: ಗರ್ಭಿಣಿಯರಿಗೆ ಫೋಲಿಕ್ ಆಮ್ಲ, ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಕಬ್ಬಿಣ ಅಥವಾ ವಿಟಮಿನ್ ಡಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಬಿ12. ಉಳಿದವರಿಗೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಇಲ್ಲವೇ ಮೈಯಲ್ಲಿ ಉಳಿದು ತೊಂದರೆ ಕೊಡುತ್ತದೆ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಬಿ6 ದೀರ್ಘಕಾಲ ಅತಿಯಾದರೆ ನರಗಳು ಹಾಳಾಗುತ್ತವೆ.

ಮನೆಯಲ್ಲಿ ಬಿಪಿ ನೋಡಿದರೆ ಒಂದೊಂದು ಸಲ ಒಂದೊಂದು ಬರುತ್ತೆ. ಮೆಷಿನ್ ಕೆಟ್ಟಿದೆಯಾ?

ಮೆಷಿನ್ನಿಗಿಂತ ಮೊದಲು ಕೂತ ಭಂಗಿಯನ್ನು ಅನುಮಾನಿಸಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಧೂಮಪಾನ ಇರಬಾರದು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಬೇಕು. ಪಟ್ಟಿ ಚಿಕ್ಕದಾದರೆ, ಕಾಲ ಮೇಲೆ ಕಾಲು ಹಾಕಿದರೆ, ಮಾತಾಡಿದರೆ ಅಂಕಿ ಏರುತ್ತದೆ. ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಒಂದು ವಾರದ ಬರಹ ವೈದ್ಯರಿಗೆ ಒಂದು ದಿನದ ಅಂಕಿಗಿಂತ ಎಷ್ಟೋ ಉಪಯುಕ್ತ. ಬೇಡದ ಇನ್ನೊಂದು ಮಾತ್ರೆ ಅದರಿಂದಲೇ ತಪ್ಪಬಹುದು.

## ದೀರ್ಘಕಾಲದ ಔಷಧಗಳು

ಬಿಪಿ ನಾರ್ಮಲ್ ಬಂದಿದೆ, ಇನ್ನು ಮಾತ್ರೆ ನಿಲ್ಲಿಸಬಹುದಲ್ವಾ?

ನಾರ್ಮಲ್ ಬಂದಿರುವುದು ಮಾತ್ರೆಯಿಂದಾಗಿ. ತೂಕ ಇಳಿಸಿ, ಉಪ್ಪನ್ನು ದಿನಕ್ಕೆ 5 ಗ್ರಾಂಗಿಂತ ಕೆಳಗೆ ತಂದವರಿಗೆ ವೈದ್ಯರು ಪ್ರಮಾಣ ತಗ್ಗಿಸುವುದುಂಟು, ಆದರೆ ಅದು ಹಂತಹಂತವಾಗಿ ಆಗಬೇಕಾದದ್ದು. ಮೆಟೊಪ್ರೊಲಾಲ್‌ನಂಥವನ್ನು ಹಠಾತ್ತಾಗಿ ಬಿಟ್ಟರೆ ಹೃದಯಕ್ಕೆ, ಕ್ಲೋನಿಡಿನ್ ಬಿಟ್ಟರೆ ರಕ್ತದೊತ್ತಡಕ್ಕೆ ತಿರುಗೇಟು ಬೀಳುತ್ತದೆ.

ದೊಡ್ಡ ಡೋಸಿನದ್ದು ತಂದು ಅರ್ಧ ಮಾಡಿದರೆ ದುಡ್ಡು ಉಳಿಯುತ್ತಾ?

ಹಲವು ಔಷಧಗಳಲ್ಲಿ 10 ಮಿ.ಗ್ರಾಂ ಮಾತ್ರೆಗೂ 20 ಮಿ.ಗ್ರಾಂ ಮಾತ್ರೆಗೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ, ಆದ್ದರಿಂದ ಉಳಿಯುತ್ತದೆ. ನಡುವೆ ಗೀರು ಇರುವ ಮಾತ್ರೆಯನ್ನು, ವೈದ್ಯರೋ ಔಷಧದಂಗಡಿಯವರೋ ಒಪ್ಪಿದರೆ, ಕತ್ತರಿಸುವ ಡಬ್ಬಿಯಲ್ಲಿ ಒಂದೊಂದಾಗಿ ಮಾತ್ರ ತುಂಡು ಮಾಡಬಹುದು. ನಿಧಾನವಾಗಿ ಕರಗುವವು, ಜಠರದಲ್ಲಿ ಕರಗದಂತೆ ಲೇಪ ಹಚ್ಚಿದವು, ಕ್ಯಾಪ್ಸೂಲುಗಳು, ಇವನ್ನು ಮುರಿಯಲೇಬಾರದು.

ಯಾವ ಔಷಧಿಯಲ್ಲಿ ಕಂಪನಿ ಬದಲಿಸಬಾರದು?

ಜೆನೆರಿಕ್ ಮಾತ್ರೆಗೆ "ಶೇಕಡ 80ರಿಂದ 125ರವರೆಗೆ ಹೆಚ್ಚುಕಡಿಮೆ ಇರಬಹುದು" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದನ್ನು ಮಾತ್ರೆಯೊಳಗಿನ ಔಷಧವೇ ಅಷ್ಟು ಏರುಪೇರು ಎಂದು ತಪ್ಪಾಗಿ ಓದಲಾಗುತ್ತದೆ. ರಕ್ತದಲ್ಲಿನ ಮಟ್ಟವನ್ನು ಮೂಲ ಔಷಧದೊಡನೆ ಹೋಲಿಸಿದಾಗ ಬರುವ ಅಂದಾಜು, ಅದರ ಅನಿಶ್ಚಿತತೆಯ ಎರಡೂ ತುದಿ ಸೇರಿ, ಆ ಗಡಿಯೊಳಗೆ ಕೂರಬೇಕು ಎಂಬುದು ನಿಯಮ. ಹಾಗಾಗಿ ನಿಜವಾದ ವ್ಯತ್ಯಾಸ ಬಹಳ ಕಿರಿದು: ಅಮೆರಿಕದಲ್ಲಿ 1996ರಿಂದ 2007ರವರೆಗಿನ 2,070 ಅಧ್ಯಯನಗಳಲ್ಲಿ ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣದ ಸರಾಸರಿ ವ್ಯತ್ಯಾಸ ಸುಮಾರು ಶೇಕಡ 3.5.

ಆದರೂ ಸ್ವಲ್ಪ ಏರುಪೇರೂ ಮುಖ್ಯವಾಗುವ ಔಷಧಗಳಿವೆ. ಥೈರಾಯ್ಡಿನ ಲೀವೊಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂರ್ಛೆರೋಗದ ಫೆನಿಟಾಯಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಅಂಗ ಕಸಿಯವರ ಸೈಕ್ಲೊಸ್ಪೋರಿನ್. ಇವುಗಳಲ್ಲೂ ಜೆನೆರಿಕ್ ಬಳಸಬಹುದು. ತಿಂಗಳಿಗೊಂದು ಕಂಪನಿ ಮಾಡದೆ ಒಂದಕ್ಕೇ ಅಂಟಿಕೊಳ್ಳಬೇಕು, ಬದಲಿಸಬೇಕಾಗಿ ಬಂದರೆ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟ ಕೂಡಲೇ ಎದೆ ಉರಿಯುತ್ತೆ. ಜೀವನಪೂರ್ತಿ ತಗೋಬೇಕಾ?

ಆ ಉರಿ ಹಳೆಯ ಕಾಯಿಲೆಯದೇ ಆಗಿರಬೇಕಾಗಿಲ್ಲ. 2009ರ ಪ್ರಯೋಗವೊಂದರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ಎಸೊಮೆಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಅವರಲ್ಲಿ ಶೇಕಡ 44ರಷ್ಟು ಮಂದಿಗೆ ಎದೆಯುರಿ, ಹುಳಿತೇಗು ಬಂತು. ಬರೀ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 15. ಅದುಮಿಟ್ಟ ಆಮ್ಲ ಕೆಲವು ವಾರ ಪುಟಿದೇಳುತ್ತದೆ. ಆದ್ದರಿಂದ ಒಮ್ಮೆಲೇ ಬಿಡದೆ ಪ್ರಮಾಣ ಇಳಿಸುತ್ತ, ದಿನ ಬಿಟ್ಟು ದಿನ ಮಾಡುತ್ತ ಹೋಗಬಹುದೇ ಎಂದು ವೈದ್ಯರನ್ನು ಕೇಳಿ. ಹುಣ್ಣಿನಿಂದ ರಕ್ತಸ್ರಾವವಾಗಿದ್ದವರು, ನೋವುನಿವಾರಕ ಅಥವಾ ರಕ್ತ ತೆಳುವಾಗಿಸುವ ಔಷಧದ ಕಾರಣಕ್ಕೆ ಇದನ್ನು ತೆಗೆದುಕೊಳ್ಳುವವರು ಬಿಡಬಾರದು.

ಅದೇ ಔಷಧಿಯ ಸುಧಾರಿತ ರೂಪ ಬಂದಿದೆಯಂತೆ. ಬೆಲೆ ಜಾಸ್ತಿ, ಬದಲಿಸಲಾ?

ಎಷ್ಟೋ ಸಲ ಹೊಸದು ಎನ್ನುವುದು ಹಳೆಯದರ ಅರ್ಧವಾಗಿರುತ್ತದೆ. ಒಮೆಪ್ರಜೋಲ್‌ನಲ್ಲಿ ಎಡಗೈ ಬಲಗೈಯಂತೆ ಪರಸ್ಪರ ಪ್ರತಿಬಿಂಬವಾದ ಎರಡು ಅಣುಗಳಿವೆ. ಒಂದನ್ನು ಬೇರ್ಪಡಿಸಿ ಮಾರಿದ್ದು ಎಸೊಮೆಪ್ರಜೋಲ್. ಅಲರ್ಜಿಗೆ ಕೊಡುವ ಸೆಟಿರಿಜಿನ್‌ನಿಂದ ಲಿವೊಸೆಟಿರಿಜಿನ್ ಬಂದದ್ದೂ ಹೀಗೆಯೇ, ಅದರ 5 ಮಿ.ಗ್ರಾಂ ಹಳೆಯದರ 10ಕ್ಕೆ ಹೆಚ್ಚುಕಡಿಮೆ ಸಮ. ಹಳೆಯದರಿಂದ ಗುಣ ಕಾಣುತ್ತಿದ್ದರೆ ಬದಲಿಸಲು ಕಾರಣ ಕೇಳಿ.

ಆನ್‌ಲೈನಲ್ಲಿ ತೀರಾ ಅಗ್ಗಕ್ಕೆ ಸಿಗುತ್ತೆ, ನಂಬಬಹುದಾ?

ಪರವಾನಗಿ ಇರುವ, ಚೀಟಿ ಕೇಳುವ, ವಿಳಾಸವಿರುವ ಅಂಗಡಿಯಾದರೆ ನಂಬಬಹುದು. ಚೀಟಿ ಬೇಕಾದ ಔಷಧವನ್ನು ಚೀಟಿಯಿಲ್ಲದೆ ಕೊಡುವವರನ್ನು ನಂಬಬೇಡಿ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು.

ಮೂರು ಡಾಕ್ಟರು, ಹನ್ನೊಂದು ಮಾತ್ರೆ. ಯಾವುದನ್ನ ಕಡಿಮೆ ಮಾಡಲಿ?

ನೀವಾಗಿ ಯಾವುದನ್ನೂ ಕಡಿಮೆ ಮಾಡಬೇಡಿ, ಆದರೆ ಪ್ರಶ್ನೆಯನ್ನು ಬಿಡಲೂ ಬೇಡಿ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಬಗೆದು ಇನ್ನೊಂದನ್ನು ಬರೆಯುವುದು ಅಪರೂಪವಲ್ಲ. ಬಿಪಿಗೆ ಕೊಟ್ಟ ಆಮ್ಲೊಡಿಪಿನ್‌ನಿಂದ ಕಾಲು ಊದಿಕೊಳ್ಳುತ್ತದೆ, ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಬರುತ್ತದೆ, ಅದರಿಂದ ಪೊಟ್ಯಾಸಿಯಂ ಇಳಿದು ಅದಕ್ಕೊಂದು ಸಿರಪ್ ಬರುತ್ತದೆ. ಬಿಪಿಯದೇ ಇನ್ನೊಂದು ಮಾತ್ರೆಯಾದ ಎನಲಾಪ್ರಿಲ್‌ನಿಂದ ಬರುವ ಒಣಕೆಮ್ಮಿಗೆ ತಿಂಗಳುಗಟ್ಟಲೆ ಕೆಮ್ಮಿನ ಔಷಧ ಕುಡಿದವರನ್ನು ನಾನೇ ಕಂಡಿದ್ದೇನೆ.

ಬೆಲೆಯ ಮಾತೆತ್ತಲು ಸಂಕೋಚಪಡುವವರೂ ಇಲ್ಲಿಂದ ಆರಂಭಿಸಬಹುದು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಬಾಟಲಿ, ವಿಟಮಿನ್ನು, ಗಿಡಮೂಲಿಕೆಯ ಡಬ್ಬಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬ ವೈದ್ಯರ ಬಳಿ ಹೋಗಿ, ಒಂದೊಂದನ್ನೂ ಮೇಜಿನ ಮೇಲಿಟ್ಟು ಕೇಳಿ: ಇದು ಯಾತಕ್ಕೆ, ಎಷ್ಟು ದಿನಕ್ಕೆ, ಬಿಟ್ಟರೆ ಏನಾಗುತ್ತದೆ, ಇದೇ ಕೆಲಸ ಮಾಡುವ ಕಡಿಮೆ ಬೆಲೆಯದ್ದು ಇದೆಯೇ. ಉತ್ತರವನ್ನು ಆ ಡಬ್ಬಿಯ ಮೇಲೆಯೇ ಬರೆದುಕೊಂಡು ಬನ್ನಿ.